ಸ್ಪಷ್ಟನೆ: ವಾಹಕ ಗಂಡು ಕುದುರೆಯಿಂದ ಅರ್ಧದಷ್ಟು ಮರಿಗಳು ಸಾಯುವುದಿಲ್ಲ

ಹ್ಯಾನೋವೇರಿಯನ್‌ನಂತಹ ವಾರ್ಮ್‌ಬ್ಲಡ್ (ಕ್ರೀಡಾ ಸವಾರಿಯ) ಕುದುರೆ ತಳಿಗಳಲ್ಲಿ ಕಾಣುವ ‘ಫ್ರಜೈಲ್ ಫೋಲ್ ಸಿಂಡ್ರೋಮ್’ ಎಂಬ ಆನುವಂಶಿಕ ಕಾಯಿಲೆಯ ವಾಹಕವಾದ (ತಾನು ಆರೋಗ್ಯವಾಗಿದ್ದರೂ ದೋಷವನ್ನು ಮರಿಗಳಿಗೆ ದಾಟಿಸಬಲ್ಲ) ಗಂಡು ಕುದುರೆಯನ್ನು ಮರಿ ಪಡೆಯಲು ಬಳಸಿದರೆ ಅರ್ಧದಷ್ಟು ಮರಿಗಳು ಸಾಯುತ್ತವೆ ಎಂಬ ಸಂದೇಶವನ್ನು ಕಳೆದ ವಾರ ನಾನೂ ಹಂಚಿಕೊಂಡಿದ್ದೆ. ಅದು ತಪ್ಪು.

ಈ ಕಾಯಿಲೆಗೆ ಪಿಎಲ್‌ಒಡಿ1 ಎಂಬ ಜೀನ್‌ನ ದೋಷ ಕಾರಣ. ಅದು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮರಿಗೆ ಕಾಯಿಲೆ ತಗಲುತ್ತದೆ. ಅಂಥ ಮರಿಯ ಚರ್ಮ ಮುಟ್ಟಿದರೆ ಹರಿಯುವಷ್ಟು ದುರ್ಬಲವಾಗಿದ್ದು, ಕೀಲುಗಳು ಸಡಿಲವಾಗಿರುತ್ತವೆ; ಅದು ಬದುಕುವುದಿಲ್ಲ. ಆ ನೋವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಹೆಣ್ಣು ಕುದುರೆ ದೋಷಮುಕ್ತವಾಗಿದ್ದರೆ ಒಂದು ಮರಿಗೂ ಕಾಯಿಲೆ ಬಾರದು. ಪ್ರತಿ ಮರಿಯೂ ಆರೋಗ್ಯವಂತ ವಾಹಕವಾಗುವ ಸಾಧ್ಯತೆ ಶೇ 50, ಸಂದೇಶದ ‘ಅರ್ಧ’ ಬಂದದ್ದು ಬಹುಶಃ ಇಲ್ಲಿಂದಲೇ. ಎರಡೂ ವಾಹಕಗಳಾದರೆ ಅಪಾಯ ಶೇ 25; ಆ ಜೋಡಿಯನ್ನು ಮಾಡಲೇಬಾರದು.

ಆದ್ದರಿಂದ ಮೊದಲು ಪರೀಕ್ಷಿಸಬೇಕಾದದ್ದು ನಿಮ್ಮ ಹೆಣ್ಣು ಕುದುರೆಯನ್ನು. ಈ ಜೀನ್ ಪರೀಕ್ಷೆಗೆ, ಕತ್ತರಿಸದೆ, ಬುಡದ ಗೆಡ್ಡೆ ಸಮೇತ ಕಿತ್ತ 20–30 ಕೇಸರದ ಕೂದಲು ಸಾಕು. ರೇಸ್ ಕುದುರೆಗಳ ತಳಿಯಾದ ಥರೋಬ್ರೆಡ್‌ಗಳಲ್ಲೂ ವಾಹಕಗಳು ಕಂಡುಬಂದಿರುವುದರಿಂದ ಅವುಗಳಿಗೂ ವಿನಾಯಿತಿ ಬೇಡ.

ದಯವಿಟ್ಟು ಹಳೆಯ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಕಳುಹಿಸಿದ್ದರೆ ಅಲ್ಲಿಯೇ ಈ ತಿದ್ದುಪಡಿಯನ್ನೂ ಹಾಕಿ.