ಸಂವಿಧಾನ ದಿನಕ್ಕೆ ನೂರು ರೂಪಾಯಿ ದಂಡ

ನವೆಂಬರ್ 26 ಬಂತೆಂದರೆ ನಮ್ಮ ಮಂಗಳೂರಿನ ಕಾಲೇಜುಗಳಿಗೆ ಸಂವಿಧಾನದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಬ್ಯಾನರ್ ರೆಡಿ, ಅಡಿಕೆ ಹೂವಿನ ಹಿಂಗಾರ ರೆಡಿ. ಮುಖ್ಯ ಅತಿಥಿ ಮಾತ್ರ ಪಂಪ್‌ವೆಲ್ ಸರ್ಕಲ್‌ನ ಟ್ರಾಫಿಕ್ ಬ್ಲಾಕ್‌ನಲ್ಲಿ ಸಿಕ್ಕಿಬಿದ್ದಿದ್ದಾರೆ.

ಯಾವುದೋ ಒಂದು ಕಾಲೇಜು ಅಂತ ಇಟ್ಟುಕೊಳ್ಳಿ, ಹೆಸರು ಬೇಡ. ನೋಟಿಸ್ ಹೀಗಿದೆ: "ಸ್ವಾತಂತ್ರ್ಯ, ಸಮಾನತೆ ಕುರಿತ ಉಪನ್ಯಾಸಕ್ಕೆ ಎಲ್ಲರೂ ಕಡ್ಡಾಯವಾಗಿ ಬರತಕ್ಕದ್ದು. ತಪ್ಪಿದರೆ 100 ರೂಪಾಯಿ ದಂಡ." ಸಭಾಂಗಣಕ್ಕೆ ಹೊರಗಿನಿಂದ ಚಿಲಕ. ಒಳಗೆ "ಭಾರತದ ಜನತೆಯಾದ ನಾವು" ಅಂತ ಜೋರು ಸ್ವರದಲ್ಲಿ ಪ್ರತಿಜ್ಞೆ.

ಅತಿಥಿಗಳು ಚಂದ ಮಾಡಿ ವಿವರಿಸಿದರು. ಕಾನೂನು ಮಾಡುವವರು ಒಬ್ಬರು, ಜಾರಿ ಮಾಡುವವರು ಇನ್ನೊಬ್ಬರು, ನ್ಯಾಯ ಹೇಳುವವರು ಮತ್ತೊಬ್ಬರು. ಮೂರೂ ಒಂದೇ ಕೈಗೆ ಸಿಕ್ಕಿದರೆ ಜನರ ಕಥೆ ಮುಗಿಯಿತು!

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸರ್, ದಂಡದ ನಿಯಮ ಬರೆದದ್ದು ದೈಹಿಕ ಶಿಕ್ಷಣದ ಪಿ.ಡಿ. ಸರ್. ಹಾಜರಿ ತೆಗೆಯುವುದೂ ಅವರೇ. ನಮಗೆ ಜ್ವರ ಬಂದದ್ದು ನಿಜವಾ ಸುಳ್ಳಾ ಅಂತ ತೀರ್ಮಾನಿಸುವುದೂ ಅವರೇ. ದುಡ್ಡು ತಗೊಳ್ಳುವುದೂ ಅವರೇ, ರಶೀದಿ ಇಲ್ಲ. 265ನೇ ವಿಧಿ ಪ್ರಕಾರ ಕಾನೂನಿನ ಆಧಾರ ಇಲ್ಲದೆ ತೆರಿಗೆ ಹಾಕುವ ಹಾಗಿಲ್ಲ ಅಲ್ವಾ?"

ದಂಡ ಬೇರೆ, ತೆರಿಗೆ ಬೇರೆ ಮಾರಾಯ ಅಂತ ಹೇಳಬಹುದಿತ್ತು. ಇಡೀ ದಿನದಲ್ಲಿ ಅದೊಂದೇ ಪಾಠ ಆಗುತ್ತಿತ್ತು. ಆದರೆ ಮೈಕ್ ಆಫ್ ಆಯಿತು. "ನಾಳೆ ಅಪ್ಪನನ್ನು ಕರ್ಕೊಂಡು ಬಾ."

ಇದೇ ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. 1947ರಲ್ಲಿ 243 ವಿಧಿಗಳ ಮೊದಲ ಕರಡು ತಯಾರಿಸಿದ್ದು ಅವರೇ. ಅಷ್ಟು ಬರೆದ ಮೇಲೂ ಸುಮ್ನೆ ಕೂರದೆ ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ಸುತ್ತಿ ಬಲ್ಲವರ ಹತ್ತಿರ ಪ್ರಶ್ನೆ ಕೇಳಿ ಬಂದರು. ಪುಣ್ಯಕ್ಕೆ ಅಲ್ಲಿ ಯಾರೂ ಅಪ್ಪನನ್ನು ಕರೆತರಲು ಹೇಳಲಿಲ್ಲ.

ಪರೀಕ್ಷೆಗೆ ಹುಡುಗ ಹೆದರಬೇಕಾಗಿಲ್ಲ. ಸಂವಿಧಾನ ಜಾರಿಗೆ ಬಂದದ್ದು ಯಾವಾಗ? 1950, ಟಿಕ್. ಕರಡು ಸಮಿತಿಯ ಅಧ್ಯಕ್ಷರು? ಅಂಬೇಡ್ಕರ್, ಟಿಕ್. ಯಾಕೆ, ಹೇಗೆ ಅಂತ ಯಾರೂ ಕೇಳುವುದಿಲ್ಲ. ಇನ್ನು ವಿದ್ಯಾರ್ಥಿ ನಾಯಕನಿಗೆ ಚುನಾವಣೆ ಎಂತಕ್ಕೆ? ಜಾಸ್ತಿ ಮಾತಾಡದ ಒಬ್ಬನನ್ನು ಪ್ರಿನ್ಸಿಪಾಲರೇ ಆರಿಸಿದ್ದಾರೆ. ಅವಿರೋಧ ಆಯ್ಕೆ.

ಮುಂದಿನ ವಾರ ವಾಕ್ ಸ್ವಾತಂತ್ರ್ಯದ ಮೇಲೆ ಭಾಷಣ ಸ್ಪರ್ಧೆ ಇದೆಯಂತೆ. ಭಾಷಣವನ್ನು ಎರಡು ದಿನ ಮೊದಲೇ ಬರೆದು ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕುವವರು ಪಿ.ಡಿ. ಸರ್.