ಎಫ್‌ಎಂಆರ್‌ಐ ಚಿತ್ರ ಮತ್ತು ಬ್ರೋಕಾ ಕಾಪಾಡಿದ ಮಿದುಳು

ಎಫ್‌ಎಂಆರ್‌ಐ ಎಂಬ, ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಯಂತ್ರವು ಮನುಷ್ಯನ ಯೋಚನೆಯನ್ನು ನೇರವಾಗಿ ತೋರಿಸುತ್ತದೆ ಎಂದು ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಹೇಳಿದ್ದಾರೆ; ಆ ಮಾತಿಗೆ ಒಂದು ತಿದ್ದುಪಡಿ ಅಗತ್ಯ. ಈ ಯಂತ್ರ ಗ್ರಹಿಸುವುದು ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು. ನರಕೋಶದ ವಿದ್ಯುತ್ ಸ್ಪಂದನ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮುಗಿದರೆ, ಅದರ ಬೆನ್ನಿಗೆ ಬರುವ ರಕ್ತದ ಪ್ರತಿಕ್ರಿಯೆ ಗರಿಷ್ಠ ಮಟ್ಟ ಮುಟ್ಟಲು ಸುಮಾರು 5ರಿಂದ 6 ಸೆಕೆಂಡು ಬೇಕಾಗುತ್ತದೆ. ಕ್ಷಣಕ್ಷಣದ ವಿವರ ಬೇಕಾದವರು ಇಂದಿಗೂ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ನೇರವಾಗಿ ದಾಖಲಿಸುವ ಇಇಜಿಯನ್ನು ಆಶ್ರಯಿಸುವುದು ಇದೇ ಕಾರಣಕ್ಕೆ.

ಅದಕ್ಕಿಂತ ಮುಖ್ಯವಾಗಿ, ಒಂದು ಭಾಗ ಚಿತ್ರದಲ್ಲಿ ಸಕ್ರಿಯವಾಗಿ ಕಂಡ ಮಾತ್ರಕ್ಕೆ ಆ ಭಾಗವಿಲ್ಲದೆ ಕೆಲಸ ನಡೆಯದು ಎಂದು ಹೇಳಲಾಗದು. ಅದನ್ನು ತಿಳಿಯಲು ಮಿದುಳಿಗೆ ಹಾನಿಯಾದವರ ಅಧ್ಯಯನ ಬೇಕು; ಲೇಖನವು ಅದನ್ನು ಹಳೆಯ ಕಾಲದ ವಿಧಾನವೆಂದು ಒಂದೇ ಸಾಲಿನಲ್ಲಿ ಕೈಬಿಟ್ಟಿರುವುದು ನನಗೆ ನಿಜಕ್ಕೂ ಬೇಸರ ತಂದಿತು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಅವರು, 'ಟಾನ್' ಎಂಬ ಉಚ್ಚಾರವೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ಮಾತೇ ನಿಂತುಹೋಗಿದ್ದ ಲೆಬೋರ್ನ್ ಎಂಬ ರೋಗಿ ತೀರಿಕೊಂಡ ಬಳಿಕ ಆತನ ಮಿದುಳನ್ನು ಪರೀಕ್ಷಿಸಿ, ಎಡಬದಿಯ ಮುಂಭಾಗದ ಹಾಲೆಯಲ್ಲಿದ್ದ ಹಾನಿಗೂ ಮಾತಿನ ನಷ್ಟಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಅವರು ಆ ಮಿದುಳನ್ನು ಸೀಳದೆ ಇಡಿಯಾಗಿ ಕಾಪಾಡಿದ್ದರಿಂದಲೇ ಅದನ್ನು ಎಂಆರ್‌ಐಗೆ ಒಳಪಡಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಲು ಸಾಧ್ಯವಾಯಿತು. ಆ ಅಧ್ಯಯನದಲ್ಲಿ ಗೊತ್ತಾದಂತೆ, ಹಾನಿಯು ಹೊರಮೈಯಲ್ಲಿ ಕಂಡದ್ದಕ್ಕಿಂತ ಬಹಳ ಆಳಕ್ಕೆ, ದೂರದ ಭಾಗಗಳನ್ನು ಬೆಸೆಯುವ ನರತಂತುಗಳವರೆಗೂ ಹಬ್ಬಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳು ಬ್ಯಾಂಕನ್ನು ನಾನು ಅಪಾರ ಗೌರವದಿಂದ ನೆನೆಯುವುದು ಇದಕ್ಕಾಗಿಯೇ: ಮುಂದೆ ಬರಲಿರುವ ಯಾವುದೋ ಹೊಸ ವಿಧಾನವು ಅಲ್ಲಿ ಕಾಪಿಟ್ಟ ಅಂಗಾಂಶದಲ್ಲಿ ಇಂದು ಕಾಣದ್ದನ್ನು ಕಾಣಬಹುದು.