ಸರಾಸರಿಗೆ ಸಿಗದ ನೂರು ಕಿಲೋಮೀಟರ್

ಬಡತನ, ಆರೋಗ್ಯ, ಶಿಕ್ಷಣದಂಥ ವಿಷಯಗಳಲ್ಲಿ ವಿಶ್ವಸಂಸ್ಥೆ ಇಟ್ಟ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ದೇಶದ ಅಂಕ ನೂರಕ್ಕೆ 2018ರ 57ರಿಂದ 2023–24ರಲ್ಲಿ 71ಕ್ಕೆ ಏರಿದೆ ಎಂಬ ನೀತಿ ಆಯೋಗದ ಸೂಚ್ಯಂಕದ ಲೆಕ್ಕವನ್ನು ಲೇಖನವೊಂದರಲ್ಲಿ ಓದಿ ಸಂತೋಷವಾಯಿತು. ಲಕ್ಷ ಜೀವಂತ ಜನನಕ್ಕೆ 130 ಇದ್ದ ತಾಯಂದಿರ ಮರಣ 2018–20ರ ಹೊತ್ತಿಗೆ 97ಕ್ಕೆ ಇಳಿದದ್ದು ಸಣ್ಣ ಮಾತಲ್ಲ. ಮಳೆಯಲ್ಲಿ ನೆನೆಯುತ್ತ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರ ದುಡಿಮೆ ಅದರಲ್ಲಿದೆ.

ಆದರೆ ನಾನು ಶಿರಸಿಯವಳು. ಕಳೆದ ಮಳೆಗಾಲದಲ್ಲಿ ಹೆರಿಗೆಯ ಹೊತ್ತಿಗೆ ಅತ್ತಿಗೆಯ ರಕ್ತದೊತ್ತಡ ಏರಿತು. ಊರಿನ ಆಸ್ಪತ್ರೆಯವರು ಇಲ್ಲಿ ಆಗುವುದಿಲ್ಲ ಎಂದರು. ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ರಾತ್ರಿಯೇ ಆಂಬುಲೆನ್ಸ್‌ನಲ್ಲಿ ಓಡಿದೆವು. ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ ನಾನು. ತಾಯಿ, ಮಗು ಇಬ್ಬರೂ ಉಳಿದರು. ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ ಹೀಗೆಯೇ ಓಡುತ್ತಾರೆ.

ಗುರಿಯ ಗಡುವು 2030. ಮುಂದಿನ ಸೂಚ್ಯಂಕದಲ್ಲಿ, ತುಂಬು ಗರ್ಭಿಣಿ ಆಸ್ಪತ್ರೆ ಮುಟ್ಟಲು ಹಿಡಿಯುವ ಸಮಯವನ್ನೂ ತಾಲ್ಲೂಕುವಾರು ಅಳೆಯಲಿ.